ಆದರ್ಶ ಸಮಾಜವನ್ನು ಕಾಗದದ ಮೇಲೆ ಕಟ್ಟುವುದು ಹೇಗೆ? ಚರಂಡಿಯಿಂದ ಶುರುವಾಗುವ ಸಮಗ್ರ ಮಾರ್ಗದರ್ಶಿ

“ನಿಮ್ಮ ಕನಸಿನ ಸಮಾಜ ಹೇಗಿರಬೇಕು, ಬರೆಯಿರಿ” ಎಂದರೆ ಮೊದಲ ಪುಟ ಸಲೀಸಾಗಿ ತುಂಬುತ್ತದೆ. ಅಲ್ಲಿ ಬಡತನವಿಲ್ಲ, ಜಗಳವಿಲ್ಲ, ಎಲ್ಲರೂ ಸಮಾನರು, ಯಾರಿಗೂ ಯಾವುದಕ್ಕೂ ಕೊರತೆಯಿಲ್ಲ. ಎರಡನೇ ಪುಟಕ್ಕೆ ಬಂದಾಗ ಪೆನ್ನು ಓಡುವುದಿಲ್ಲ. ಜಗಳವೇ ಆಗದ ಊರಿಗೆ ನ್ಯಾಯಸ್ಥಾನ ಬೇಡ, ಕೊರತೆಯೇ ಇಲ್ಲದ ಕಡೆ ಹಂಚಿಕೆಯ ನಿಯಮ ಬೇಡ. ಎಲ್ಲರೂ ಒಳ್ಳೆಯವರು ಎಂದು ಮೊದಲೇ ಬರೆದುಕೊಂಡುಬಿಟ್ಟರೆ ಆಮೇಲೆ ಕಟ್ಟುವುದಕ್ಕೆ ಏನು ಉಳಿಯುತ್ತದೆ?

ಹಾಗಾಗಿ ನಾವು ಇನ್ನೊಂದು ತುದಿಯಿಂದ ಶುರುಮಾಡೋಣ. ನನ್ನ ನಿಲುವನ್ನು ಈಗಲೇ ಹೇಳಿಬಿಡುತ್ತೇನೆ: ಒಂದು ಸಮಾಜದ ಯೋಗ್ಯತೆ ಗೊತ್ತಾಗುವುದು ಅದರ ಹಬ್ಬದ ದಿನವಲ್ಲ. ಯಾರಿಗೂ ಬೇಡವಾದ ಕೆಲಸವನ್ನು ಯಾರು ಮಾಡುತ್ತಾರೆ, ಇಬ್ಬರು ಕಿತ್ತಾಡಿದರೆ ಏನಾಗುತ್ತದೆ, ಸಾಕೆನಿಸಿದವರು ಹೇಗೆ ಹೊರಗೆ ಹೋಗುತ್ತಾರೆ, ನಿಯಮ ಕೆಟ್ಟಿದೆ ಎಂದು ಗೊತ್ತಾದಾಗ ಅದನ್ನು ಬದಲಿಸುವುದು ಹೇಗೆ, ಈ ನಾಲ್ಕಕ್ಕೆ ಉತ್ತರ ಬರೆದವರು ಮಾತ್ರ ಸಮಾಜವೊಂದನ್ನು ವಿನ್ಯಾಸ ಮಾಡಿದ್ದಾರೆ. ಉಳಿದವರು ಶುಭಾಶಯ ಬರೆದಿದ್ದಾರೆ ಅಷ್ಟೇ.

ಬೇಕಾಗುವುದು ಒಂದು ನೋಟ್‌ಬುಕ್, ಒಂದಷ್ಟು ಖಾಲಿ ಚೀಟಿ, ಒಂದು ಕ್ಯಾಲ್ಕ್ಯುಲೇಟರ್. ಒಬ್ಬರೇ ಕೂತು ಮಾಡಬಹುದು. ಆದರೆ ನಿಮ್ಮ ಮಾತಿಗೆ ಸುಲಭವಾಗಿ ತಲೆಯಾಡಿಸದ ನಾಲ್ಕೈದು ಜನ ಜೊತೆಗಿದ್ದರೆ ಕೆಲಸ ನಿಜಕ್ಕೂ ಚೆನ್ನಾಗಿ ಆಗುತ್ತದೆ. ಕಥೆ ಬರೆಯುವವರಿಗೆ, ಪಾಠ ಮಾಡುವವರಿಗೆ, ಸಹಕಾರ ಸಂಘವನ್ನೋ ಸಮುದಾಯವನ್ನೋ ಕಟ್ಟಲು ಹೊರಟವರಿಗೆ ಹಂತಗಳು ಒಂದೇ.

ಹಂತ 1: ಕನಸಿಗಿಂತ ಮೊದಲು ದೂರುಗಳನ್ನು ಬರೆಯಿರಿ

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ “ಹೀಗೆ ಆಗಬಾರದು” ಎಂದು ತಲೆಬರಹ ಹಾಕಿ ಹತ್ತು ಸಾಲು ಬರೆಯಿರಿ. ಸುಖ ಎಂದರೇನು ಎಂಬುದರ ಬಗ್ಗೆ ಐದು ಜನರಲ್ಲಿ ಐದು ಅಭಿಪ್ರಾಯ ಇರುತ್ತವೆ. ಕಾಯಿಲೆಯ ಖರ್ಚಿಗೆ ಮನೆ ಮಾರಬೇಕಾಗಿ ಬಂದರೆ ಅದು ಕೆಟ್ಟದ್ದು ಎಂಬುದಕ್ಕೆ ಐವರೂ ಒಪ್ಪುತ್ತಾರೆ. ಒಪ್ಪಿಗೆ ಸುಲಭವಾಗಿ ಸಿಗುವ ಕಡೆಯಿಂದಲೇ ಹೊರಡಿ.

ಪ್ರತಿ ಸಾಲೂ ಹೌದು ಅಥವಾ ಇಲ್ಲ ಎಂದು ಪರೀಕ್ಷಿಸುವಂತಿರಬೇಕು. “ಎಲ್ಲರಿಗೂ ಗೌರವ ಸಿಗಬೇಕು” ಎಂಬುದನ್ನು ಯಾರೂ ಪರೀಕ್ಷಿಸಲಾರರು. “ಮೇಲಧಿಕಾರಿಯ ವಿರುದ್ಧ ದೂರು ಕೊಟ್ಟ ಕಾರಣಕ್ಕೆ ಯಾರೂ ಕೆಲಸ ಕಳೆದುಕೊಳ್ಳಬಾರದು” ಎಂಬುದನ್ನು ಪರೀಕ್ಷಿಸಬಹುದು. “ಮಕ್ಕಳು ನಲಿಯುತ್ತಿರಬೇಕು” ಎನ್ನುವ ಬದಲು “ಹುಟ್ಟಿದ ಮನೆಯ ಕಾರಣಕ್ಕೆ ಯಾವ ಮಗುವಿನ ಓದೂ ನಿಲ್ಲಬಾರದು” ಎಂದು ಬರೆಯಿರಿ. ಪರೀಕ್ಷೆಗೆ ಸಿಗದ ಸಾಲುಗಳನ್ನು ಎಸೆಯಬೇಕಿಲ್ಲ, ಬೇರೆ ಪುಟದಲ್ಲಿ ಇಟ್ಟುಕೊಳ್ಳಿ. ಭಾಷಣಕ್ಕೆ ಬೇಕಾಗುತ್ತವೆ.

ಹಂತ 2: ಎಷ್ಟು ಜನ, ಯಾರು ಒಳಗೆ

ಜನಸಂಖ್ಯೆ ಬರೆಯದೆ ಮುಂದಿನ ಯಾವ ಲೆಕ್ಕವೂ ನಡೆಯುವುದಿಲ್ಲ. ಹಳೆಯ ವಿನ್ಯಾಸಕಾರರು ಇದರಲ್ಲಿ ಬಲು ಖಚಿತವಾಗಿದ್ದರು. ಪ್ಲೇಟೋ ತನ್ನ ಕೊನೆಗಾಲದ ಕೃತಿಯಲ್ಲಿ ಕಲ್ಪಿಸಿದ ಊರಿಗೆ ಸರಿಯಾಗಿ 5,040 ಕುಟುಂಬಗಳು. ಕಾರಣ, ಆ ಸಂಖ್ಯೆ 1ರಿಂದ 10ರವರೆಗಿನ ಎಲ್ಲ ಅಂಕಿಗಳಿಂದಲೂ ಶೇಷವಿಲ್ಲದೆ ಭಾಗವಾಗುತ್ತದೆ, ಜಮೀನು ಹಂಚುವುದಕ್ಕೂ ತಂಡ ಮಾಡುವುದಕ್ಕೂ ಅನುಕೂಲ. ಫ್ರಾನ್ಸಿನ ಶಾರ್ಲ್ ಫೂರಿಯೆ ಮನುಷ್ಯರಲ್ಲಿ 810 ಬಗೆಯ ಸ್ವಭಾವಗಳಿವೆ ಎಂದು ಲೆಕ್ಕ ಹಾಕಿ, ಪ್ರತಿ ಬಗೆಗೂ ಒಬ್ಬ ಗಂಡಸು ಒಬ್ಬಳು ಹೆಂಗಸು ಎಂದು 1,620 ಜನರ ವಸತಿಯನ್ನು ಸೂಚಿಸಿದ. ಲೆಕ್ಕ ವಿಚಿತ್ರವೇ, ಆದರೂ ಸಂಖ್ಯೆ ಬರೆಯುವ ಧೈರ್ಯ ಮಾಡಿದನಲ್ಲ.

ಇವರಿಗಿಂತ ನನಗೆ ಹೆಚ್ಚು ಉಪಯುಕ್ತವಾಗಿ ಕಾಣುವುದು ಹಟರೈಟರ ಪದ್ಧತಿ. ಆಸ್ತಿಯನ್ನೆಲ್ಲ ಸಮುದಾಯದ ಹೆಸರಲ್ಲಿ ಇಟ್ಟುಕೊಂಡು ಬದುಕುವ ಈ ಕ್ರೈಸ್ತ ಪಂಗಡ 16ನೇ ಶತಮಾನದಲ್ಲಿ ಹುಟ್ಟಿದ್ದು, ಈಗಲೂ ಕೆನಡಾ ಮತ್ತು ಅಮೆರಿಕದಲ್ಲಿದೆ. ಒಂದು ವಸತಿ ಸುಮಾರು 150 ಜನಕ್ಕೆ ಬೆಳೆಯುತ್ತಿದ್ದಂತೆ ಅವರು ಅದನ್ನು ಎರಡಾಗಿ ಒಡೆಯುತ್ತಾರೆ. ಹೊಸ ಜಾಗವನ್ನು ಮೊದಲೇ ಸಿದ್ಧಮಾಡಿ, ಜನರ ಎರಡು ಪಟ್ಟಿ ತಯಾರಿಸಿ, ಯಾವ ಪಟ್ಟಿಯವರು ಹೊರಡಬೇಕು ಎಂದು ಚೀಟಿ ಎತ್ತುವ ಸಂಪ್ರದಾಯ ಅವರಲ್ಲಿದೆ. ತಾನು ಉಳಿಯುತ್ತೇನೋ ಹೊರಡುತ್ತೇನೋ ಗೊತ್ತಿಲ್ಲದಿದ್ದಾಗ ದನ, ಯಂತ್ರ, ಹಣವನ್ನು ಪಾಲು ಮಾಡುವವರು ಎರಡೂ ಕಡೆಗೆ ಸರಿಸಮ ಬರುವಂತೆ ನೋಡಿಕೊಳ್ಳುತ್ತಾರೆ. ನಿಮ್ಮ ಟಿಪ್ಪಣಿಯಲ್ಲೂ ಮೂರು ಸಂಖ್ಯೆ ಇರಲಿ: ಎಷ್ಟು ಜನರಿಂದ ಶುರು, ಎಷ್ಟಕ್ಕೆ ಒಡೆಯಬೇಕು, ಎಷ್ಟಕ್ಕಿಂತ ಕಡಿಮೆಯಾದರೆ ನಡೆಸಲು ಆಗುವುದಿಲ್ಲ.

“ಯಾರು ಒಳಗೆ” ಎಂಬ ಪ್ರಶ್ನೆಗೆ ಇನ್ನೂ ಎಚ್ಚರ ಬೇಕು. ಬ್ರೆಜಿಲ್ ತನ್ನ ಹೊಸ ರಾಜಧಾನಿ ಬ್ರೆಸಿಲಿಯಾವನ್ನು ಬರಿ ಬಯಲಿನಲ್ಲಿ ಕಟ್ಟಿ 1960ರಲ್ಲಿ ಉದ್ಘಾಟಿಸಿತು. ಅಚ್ಚುಕಟ್ಟಾದ ನಕ್ಷೆ, ಹೆಸರಾಂತ ವಾಸ್ತುಶಿಲ್ಪಿಗಳು. ಆದರೆ ಅದನ್ನು ಕಟ್ಟಲು ಬಂದ ಕಾರ್ಮಿಕರು ಎಲ್ಲಿ ವಾಸಿಸಬೇಕು ಎಂಬುದಕ್ಕೆ ನಕ್ಷೆಯಲ್ಲಿ ಉತ್ತರವಿರಲಿಲ್ಲ. ಹಾಗಾಗಿ ಅವರಿಗಾಗಿ ಟಗ್ವಾಟಿಂಗಾ ಎಂಬ ಉಪನಗರ 1958ರಲ್ಲೇ, ಅಂದರೆ ರಾಜಧಾನಿ ಉದ್ಘಾಟನೆಯಾಗುವ ಎರಡು ವರ್ಷ ಮೊದಲೇ, ಹೊರಗೆ ಹುಟ್ಟಿಕೊಂಡಿತು. ನಿಮ್ಮ ಸಮಾಜವನ್ನು ಕಟ್ಟುವವರು, ಅದಕ್ಕೆ ಊಟ ಬೆಳೆಯುವವರು, ಅದರ ಕಸ ಸಾಗಿಸುವವರು ಒಳಗಿದ್ದಾರೋ ಹೊರಗಿದ್ದಾರೋ ಎಂದು ಒಮ್ಮೆ ಎಣಿಸಿ. ಹೊರಗಿದ್ದರೆ ನೀವು ಬರೆಯುತ್ತಿರುವುದು ಸಮಾಜವಲ್ಲ, ಕ್ಲಬ್ಬಿನ ನಿಯಮಾವಳಿ.

ಹಂತ 3: ಚೀಟಿ ಎತ್ತಿ ಹುಟ್ಟಿ

ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ 1971ರಲ್ಲಿ ಮುಂದಿಟ್ಟ ಪ್ರಸಿದ್ಧ ಪ್ರಯೋಗ ಇದು: ನಾವು ಯಾರಾಗಿ ಹುಟ್ಟುತ್ತೇವೆ ಎಂಬುದು ಗೊತ್ತಿಲ್ಲದ ಅಜ್ಞಾನದ ಪರದೆಯ ಹಿಂದೆ ನಿಂತು ನಿಯಮಗಳನ್ನು ಆರಿಸಬೇಕು. ಓದುವಾಗ ಎಲ್ಲರೂ ಹೂಂಗುಡುತ್ತಾರೆ. ಕೈಯಿಂದ ಮಾಡಿ ನೋಡಿದಾಗಲೇ ಅದರ ಬಿಸಿ ತಾಗುವುದು.

ಇಪ್ಪತ್ತು ಚೀಟಿ ಮಾಡಿ. ಪ್ರತಿ ಚೀಟಿಯಲ್ಲಿ ಒಬ್ಬ ವ್ಯಕ್ತಿ: ಹಾಸಿಗೆ ಹಿಡಿದ 70ರ ಮುದುಕ, ಕಣ್ಣು ಕಾಣದ ಹುಡುಗಿ, ಒಳ್ಳೆಯ ಕೆಲಸಗಾರ, ಆದರೆ ಸಭೆಯಲ್ಲಿ ಬಾಯಿ ಬಿಡಲಾರದವನು, ನಿನ್ನೆಯಷ್ಟೇ ಬಂದು ಸೇರಿದ, ಭಾಷೆ ಬಾರದ ಹೊಸಬ, ಶಿಕ್ಷೆ ಮುಗಿಸಿ ವಾಪಸಾದವನು, ಯಾರ ಸಹವಾಸವೂ ಬೇಡ ಎನ್ನುವ ಒಂಟಿ ಹೆಂಗಸು, ಸಮುದಾಯದ ಮೂಲ ನಂಬಿಕೆಯೇ ಸುಳ್ಳು ಎನ್ನುವ ಹದಿನೇಳರ ಹುಡುಗ, ಎಲ್ಲರಿಗಿಂತ ಎರಡು ಪಟ್ಟು ದುಡಿದು ಎರಡು ಪಟ್ಟು ಬೇಕೆನ್ನುವವಳು. ಕೊನೆಯ ಇಬ್ಬರನ್ನು ಬಿಡಲೇಬೇಡಿ. ದುರ್ಬಲರ ಬಗ್ಗೆ ಯೋಚಿಸುವ ವಿನ್ಯಾಸಗಾರರೂ ಭಿನ್ನಮತದವರನ್ನು ಮರೆಯುತ್ತಾರೆ.

ಚೀಟಿ ಎತ್ತಿ, ಬಂದ ವ್ಯಕ್ತಿಯ ಒಂದು ಮಾಮೂಲಿ ಮಂಗಳವಾರವನ್ನು ಬೆಳಗಿನಿಂದ ರಾತ್ರಿಯವರೆಗೆ ಬರೆಯಿರಿ. ಹಾಸಿಗೆ ಹಿಡಿದವನನ್ನು ಬೆಳಿಗ್ಗೆ ಯಾರು ಎಬ್ಬಿಸುತ್ತಾರೆ? ಆ ವ್ಯಕ್ತಿ ರಜೆ ಹಾಕಿದರೆ? ಶುಶ್ರೂಷೆ ಮಾಡುವವರು ಒರಟಾಗಿ ನಡೆದುಕೊಂಡರೆ ಅವನು ಯಾರಿಗೆ ಹೇಳಬಹುದು, ಹೇಳಿದ ಮೇಲೂ ಮಾರನೇ ದಿನ ಎಬ್ಬಿಸುವವರು ಅವರೇನಾ? ಇಂಥ ಒಂದು ಪುಟ ಬರೆದಾಗ ಹಿಂದಿನ ಹಂತದ ಎರಡು ಮೂರು ನಿಯಮಗಳು ತಾವಾಗಿಯೇ ಬಿದ್ದುಹೋಗುತ್ತವೆ.

ಹಂತ 4: ಗಂಟೆಗಳ ಲೆಕ್ಕಪುಸ್ತಕ

ಈ ಮಾರ್ಗದರ್ಶಿಯಲ್ಲಿ ಒಂದೇ ಹಂತ ಮಾಡಲು ಸಮಯವಿದೆ ಎಂದರೆ ಇದನ್ನು ಮಾಡಿ. ಹಣದ ಲೆಕ್ಕದಲ್ಲಿ ಮುಚ್ಚಿಡಬಹುದಾದದ್ದು ಗಂಟೆಗಳ ಲೆಕ್ಕದಲ್ಲಿ ಹೊರಬೀಳುತ್ತದೆ.

ಅಭ್ಯಾಸಕ್ಕಾಗಿ 1,000 ಜನರ ವಸತಿ ಎಂದುಕೊಳ್ಳಿ. 220 ಮಕ್ಕಳು, ಅವರಲ್ಲಿ 60 ಮಂದಿ ಐದು ವರ್ಷದ ಒಳಗಿನವರು. ದುಡಿಯಲಾಗದ ವೃದ್ಧರು ಮತ್ತು ರೋಗಿಗಳು 130. ಉಳಿದ 650 ಜನ ವಾರಕ್ಕೆ 30 ಗಂಟೆ ದುಡಿಯುತ್ತಾರೆ. ಒಟ್ಟು 19,500 ಗಂಟೆ. ರಜೆ, ಕಾಯಿಲೆ ಎಂದು ಹತ್ತನೇ ಒಂದು ಪಾಲು ಕಳೆದರೆ 17,550. ಇದು ನಿಮ್ಮ ವಾರದ ಬಂಡವಾಳ. ಈಗ ಖರ್ಚು ನೋಡಿ.

250 ಮನೆಗಳಲ್ಲಿ ದಿನಕ್ಕೆ ಎರಡು ಗಂಟೆ ಅಡುಗೆ, ಪಾತ್ರೆ ಎಂದರೆ ವಾರಕ್ಕೆ 3,500 ಗಂಟೆ. ಐದು ಕೂಸುಗಳಿಗೆ ಒಬ್ಬರಂತೆ ಶಿಶುವಿಹಾರ ವಾರಕ್ಕೆ 50 ಗಂಟೆ ತೆರೆದಿದ್ದರೆ 600 ಗಂಟೆ. ಅದೇ ಕೂಸುಗಳನ್ನು ಮನೆಯಲ್ಲಿ ನೋಡಿಕೊಳ್ಳಲು ದಿನಕ್ಕೆ ಐದೇ ಗಂಟೆ ಹಿಡಿದರೂ 2,100. ಶಿಶುವಿಹಾರದ್ದು ಎಲ್ಲರ ಕಣ್ಣಿಗೆ ಬೀಳುವ ಕೆಲಸ. ಅದರ ಮೂರೂವರೆ ಪಟ್ಟಿನ ಕೆಲಸ ಮನೆಯೊಳಗೆ ಲೆಕ್ಕಕ್ಕಿಲ್ಲದೆ ನಡೆಯುತ್ತಿದೆ ಎಂಬುದನ್ನು ಗಮನಿಸಿ. ವೃದ್ಧರಲ್ಲಿ 40 ಜನರಿಗೆ ದಿನಕ್ಕೆ ಮೂರು ಗಂಟೆ ಸಹಾಯ ಬೇಕೆಂದರೆ 840. ಆಸ್ಪತ್ರೆಯಲ್ಲಿ ಹಗಲೂ ರಾತ್ರಿ ಇಬ್ಬರು ನರ್ಸ್ ಇರಬೇಕೆಂದರೆ 336. ವಾರದಲ್ಲಿ 168 ಗಂಟೆಗಳಿರುವುದರಿಂದ, 30 ಗಂಟೆ ದುಡಿಯುವವರನ್ನು ಇಟ್ಟುಕೊಂಡು ಒಂದು ಕುರ್ಚಿ ಸದಾ ಖಾಲಿಯಾಗದಂತೆ ನೋಡಿಕೊಳ್ಳಲು ಆರು ಜನ ಬೇಕು. “ಇಪ್ಪತ್ನಾಲ್ಕು ಗಂಟೆಯೂ ಸೇವೆ” ಎಂದು ಒಂದೇ ಸಾಲಿನಲ್ಲಿ ಬರೆಯುವವರು ಈ ಗುಣಾಕಾರ ಮಾಡಿರುವುದಿಲ್ಲ. ಶೌಚಾಲಯ, ಚರಂಡಿ, ಕಸ ಇವಕ್ಕೆ 600 ಇರಲಿ.

ಕೂಡಿದರೆ 7,976 ಗಂಟೆ. ಒಂದು ಕಾಳು ಬೆಳೆದಿಲ್ಲ, ಒಂದು ಗೋಡೆ ಎಬ್ಬಿಸಿಲ್ಲ, ಶಾಲೆಯ ಮಾತೇ ಬಂದಿಲ್ಲ, ಆಗಲೇ ಬಂಡವಾಳದ ಶೇ. 45ರಷ್ಟು ಖಾಲಿ. ನನ್ನ ಅಂದಾಜುಗಳನ್ನು ಬದಲಿಸಿಕೊಳ್ಳಿ, ಸಾಮೂಹಿಕ ಅಡುಗೆಮನೆ ಮಾಡಿ, ಯಂತ್ರ ತನ್ನಿ, ಸಂಖ್ಯೆ ಇಳಿಯುತ್ತದೆ. ಆದರೆ ಯಾವ ಲೆಕ್ಕದಲ್ಲೂ ಅದು ಸೊನ್ನೆಯ ಹತ್ತಿರ ಬರುವುದಿಲ್ಲ.

ಈಗ ಮುಖ್ಯ ಪ್ರಶ್ನೆ. ಆ 600 ಗಂಟೆಗಳ ಚರಂಡಿ ಕೆಲಸ ಯಾರದು?

ಈ ಪ್ರಶ್ನೆಗೆ ಹೆಸರಾಂತ ಉತ್ತರಗಳು ಮುಜುಗರ ತರುವಂತಿವೆ. ಥಾಮಸ್ ಮೋರ್ 1516ರಲ್ಲಿ ಬಣ್ಣಿಸಿದ ಯುಟೋಪಿಯಾ ದ್ವೀಪದಲ್ಲಿ ಎಲ್ಲರಿಗೂ ದಿನಕ್ಕೆ ಆರೇ ಗಂಟೆ ಕೆಲಸ, ಖಾಸಗಿ ಆಸ್ತಿಯಿಲ್ಲ. ಎಲ್ಲ ಸರಿ, ಆದರೆ ಪ್ರಾಣಿಗಳನ್ನು ಕಡಿಯುವುದು, ಊಟದ ಮನೆಯ ಹೊಲಸು ಕೆಲಸ ಮಾಡುವುದು ಅಲ್ಲಿನ ಗುಲಾಮರು. ಆದರ್ಶ ರಾಜ್ಯ ಎಂಬ ಕಲ್ಪನೆಗೆ ಹೆಸರು ಕೊಟ್ಟ ದ್ವೀಪವೇ ಗುಲಾಮರಿಲ್ಲದೆ ನಡೆಯಲಿಲ್ಲ! ಫೂರಿಯೆಯ ಉತ್ತರ ಇನ್ನೂ ತಮಾಷೆ: ಮಕ್ಕಳಿಗೆ ಹೇಗೂ ಕೊಳಕಿನಲ್ಲಿ ಆಡುವುದು ಇಷ್ಟ, ಅಂಥ ಮಕ್ಕಳ ಪುಟ್ಟ ದಂಡುಗಳಿಗೆ ಕಸ, ಸಗಣಿಯ ಕೆಲಸ ವಹಿಸಿ ಮೆರವಣಿಗೆಯಲ್ಲಿ ಮುಂದಿನ ಸಾಲು ಕೊಡಿ ಎಂದ.

ಇನ್ನೊಂದು ಉತ್ತರ, ಹುಟ್ಟಿನಿಂದಲೇ ಗೊತ್ತುಮಾಡುವುದು. ಅದರ ಫಲ ಏನೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಜಾತಿ ಬರೀ ಶ್ರಮದ ವಿಭಜನೆಯಲ್ಲ, ಅದು ಶ್ರಮಿಕರ ವಿಭಜನೆ ಎಂದು ಅಂಬೇಡ್ಕರ್ 1936ರಲ್ಲಿ ಬರೆದರು. ನಿಮ್ಮ ವಿನ್ಯಾಸವನ್ನು ಈ ಒಂದು ಮಾತಿನ ಎದುರು ಹಿಡಿದು ನೋಡಿ: ಕೆಲಸ ಹಂಚಿದ್ದೀರಾ, ಜನರನ್ನೇ ಹಂಚಿಬಿಟ್ಟಿದ್ದೀರಾ? 12ನೇ ಶತಮಾನದ ಶರಣರು ಕಾಯಕದಲ್ಲಿ ಮೇಲುಕೀಳಿಲ್ಲ ಎಂದದ್ದು ದೊಡ್ಡ ಹೆಜ್ಜೆ. ಆದರೆ ವಿನ್ಯಾಸಗಾರರು ಗೌರವದ ಮಾತಿಗೆ ನಿಲ್ಲಬಾರದು. ಪೌರಕಾರ್ಮಿಕರ ಕಾಲಿಗೆ ನೀರೆರೆದು ಫೋಟೋ ತೆಗೆಸಿಕೊಳ್ಳುವುದರಿಂದ ಪಾಳಿಯ ಪಟ್ಟಿ ಬದಲಾಗುವುದಿಲ್ಲ.

ಕೆಲಸಕ್ಕೆ ಬರುವ ದಾರಿಗಳು ನನಗೆ ತಿಳಿದಂತೆ ಮೂರು. ಮೊದಲನೆಯದು ಸರದಿ: ಎಲ್ಲರೂ, ವೈದ್ಯರೂ ಅಧ್ಯಕ್ಷರೂ ಸೇರಿ, ವರ್ಷಕ್ಕೆ ಇಷ್ಟು ದಿನ. ಎರಡನೆಯದು ಗಂಟೆಯ ತೂಕ ಹೆಚ್ಚಿಸುವುದು. ಎಡ್ವರ್ಡ್ ಬೆಲಮಿ ಎಂಬ ಅಮೆರಿಕದ ಲೇಖಕ 1888ರ ಕಾದಂಬರಿಯಲ್ಲಿ ಇದನ್ನು ಸೂಚಿಸಿದ್ದ. ಕಷ್ಟದ ಕೆಲಸಕ್ಕೆ ಸಂಬಳ ಜಾಸ್ತಿ ಇಲ್ಲ, ದಿನದ ಗಂಟೆ ಕಡಿಮೆ. ಚರಂಡಿಯ ಒಂದು ಗಂಟೆಯನ್ನು ಎರಡಾಗಿ ಎಣಿಸುತ್ತೇವೆ ಎನ್ನಿ. 20 ಜನರ ಕೆಲಸಕ್ಕೆ 40 ಜನ ಬೇಕಾಗುತ್ತದೆ, ಪ್ರತಿಯೊಬ್ಬರೂ ವಾರಕ್ಕೆ 15 ಗಂಟೆ ಮಾಡಿ ಮನೆಗೆ ಹೋಗುತ್ತಾರೆ. ಎಷ್ಟು ತೂಕ ಎಂಬುದನ್ನು ಮೇಜಿನ ಹಿಂದೆ ಕೂತು ನಿರ್ಧರಿಸಬೇಡಿ; ಸಾಕಷ್ಟು ಜನ ತಾವಾಗಿ ಕೈ ಎತ್ತುವವರೆಗೆ ಏರಿಸುತ್ತಾ ಹೋಗಿ. ಮೂರನೆಯದು, ಆ ಕೆಲಸವೇ ಹುಟ್ಟದಂತೆ ಮಾಡುವುದು. ಕಸ ಕಡಿಮೆ ಮಾಡುವ ನಿಯಮ, ಮನುಷ್ಯ ಒಳಗಿಳಿಯಬೇಕಿಲ್ಲದ ಚರಂಡಿ. ಅಪಾಯದ ಕೆಲಸಕ್ಕೆ ಇದೊಂದೇ ದಾರಿ, ಮೊದಲ ಎರಡನ್ನು ಅಲ್ಲಿ ಬಳಸಲೇಬಾರದು.

ಸರದಿ ಎಂದು ಬರೆದು ಮೈಮರೆಯುವ ಹಾಗೂ ಇಲ್ಲ. ಕಿಬ್ಬುತ್ಸ್ ಎಂದರೆ ಈಗಿನ ಇಸ್ರೇಲಿನಲ್ಲಿ ಯಹೂದಿಗಳು ಕಟ್ಟಿಕೊಂಡ ಸಾಮೂಹಿಕ ಕೃಷಿ ವಸತಿ. ಅವುಗಳಲ್ಲಿ ಮೊದಲನೆಯದಾದ ಡೆಗಾನ್ಯಾ 1910ರಲ್ಲಿ ಶುರುವಾದಾಗಿನಿಂದ ಸಮಾನತೆ ಆ ಚಳವಳಿಯ ಉಸಿರಾಗಿತ್ತು. ಮಕ್ಕಳನ್ನು ಪ್ರತ್ಯೇಕ ಮಕ್ಕಳಮನೆಯಲ್ಲಿ ಬೆಳೆಸಿದ್ದಕ್ಕೆ ತಾಯಂದಿರನ್ನು ಮನೆಗೆಲಸದಿಂದ ಬಿಡಿಸುವುದೂ ಒಂದು ಕಾರಣ. ಆದರೆ ಆ ಮಕ್ಕಳಮನೆ, ಅಡುಗೆಮನೆ, ಬಟ್ಟೆ ಒಗೆಯುವ ಶೆಡ್ಡುಗಳಲ್ಲಿ ದುಡಿದವರು ಹೆಚ್ಚಾಗಿ ಹೆಂಗಸರೇ. ಮಕ್ಕಳು ರಾತ್ರಿ ಅಲ್ಲೇ ಮಲಗುವ ಪದ್ಧತಿ 1990ರ ದಶಕದ ಹೊತ್ತಿಗೆ ಬಹುತೇಕ ನಿಂತೇಹೋಯಿತು. ಆದ್ದರಿಂದ ಪಾಳಿಯ ಪಟ್ಟಿಯನ್ನು ಬರೆದರೆ ಸಾಲದು, ಆರು ತಿಂಗಳಿಗೊಮ್ಮೆ ನಿಜವಾಗಿ ಯಾರು ಎಷ್ಟು ಮಾಡಿದರು ಎಂಬ ಪಟ್ಟಿ ಗೋಡೆಗೆ ಬೀಳಬೇಕು.

ಹಂತ 5: ಆಸ್ತಿ ಮತ್ತು ಅಂತರ

ಇಲ್ಲಿ ಜನ ಬೇಗ ಸಿದ್ಧಾಂತಕ್ಕೆ ಬಿದ್ದು ಗಂಟೆಗಟ್ಟಲೆ ವಾದ ಮಾಡುತ್ತಾರೆ. ಎರಡು ಸಂಖ್ಯೆ ಬರೆದು ಮುಂದೆ ಹೋಗಿ ಎಂಬುದು ನನ್ನ ಸಲಹೆ: ಅತಿ ಕಡಿಮೆ ಇರುವವರ ಬಳಿ ಎಷ್ಟು ಇರಲೇಬೇಕು, ಅತಿ ಹೆಚ್ಚು ಇರುವವರು ಅದರ ಎಷ್ಟು ಪಟ್ಟು ದಾಟಬಾರದು. ಆ 5,040 ಕುಟುಂಬಗಳ ಊರಿನಲ್ಲಿ ಪ್ಲೇಟೋ ನಾಲ್ಕು ಪಟ್ಟು ಎಂದ. ಸ್ಪೇನಿನ ಬಾಸ್ಕ್ ಪ್ರದೇಶದ ಮೊಂಡ್ರಾಗನ್ ಸಹಕಾರಿ ಉದ್ಯಮಗಳು 1956ರಲ್ಲಿ ಶುರುವಾದಾಗ ಕಡಿಮೆ ಮತ್ತು ಹೆಚ್ಚು ಸಂಬಳದ ನಡುವೆ ಒಂದಕ್ಕೆ ಮೂರರ ಮಿತಿ ಇಟ್ಟುಕೊಂಡಿದ್ದವು. ನುರಿತ ವ್ಯವಸ್ಥಾಪಕರನ್ನು ಉಳಿಸಿಕೊಳ್ಳಬೇಕಾಗಿ ಬಂದಂತೆ ಆ ಮಿತಿ ಸಡಿಲವಾಯಿತು. ನಿಮ್ಮ ಸಂಖ್ಯೆಯ ಮೇಲೂ ಇದೇ ಒತ್ತಡ ಬರುತ್ತದೆ. ಸಡಿಲಿಸುವ ಅಧಿಕಾರ ಯಾರಿಗೆ ಎಂಬುದನ್ನು ಪಕ್ಕದಲ್ಲೇ ಬರೆದಿಡಿ, ಸಡಿಲವಾದರೆ ಲಾಭ ಪಡೆಯುವವರ ಕೈಗೆ ಮಾತ್ರ ಅದು ಸಿಗಬಾರದು. ತಂದೆತಾಯಿಯಿಂದ ಮಕ್ಕಳಿಗೆ ಏನು ದಾಟಬಹುದು ಎಂಬ ಸಾಲೂ ಇಲ್ಲೇ ಸೇರಲಿ.

ಹಂತ 6: ತೀರ್ಮಾನ ಯಾರದು

“ಎಲ್ಲವನ್ನೂ ಎಲ್ಲರೂ ಕೂತು ತೀರ್ಮಾನಿಸುತ್ತೇವೆ.” ಕೇಳಲು ಇಂಪಾಗಿದೆ. ನಮ್ಮ ಲೆಕ್ಕಪುಸ್ತಕಕ್ಕೆ ಹಿಂತಿರುಗಿ: 650 ಜನ ವಾರಕ್ಕೊಮ್ಮೆ ಮೂರು ಗಂಟೆ ಸಭೆ ಸೇರಿದರೆ 1,950 ಗಂಟೆ, ಅಂದರೆ 65 ಜನರ ಇಡೀ ವಾರದ ದುಡಿಮೆ. ಇಷ್ಟೆಲ್ಲ ಸುರಿದ ಮೇಲೂ ಮೂರು ಗಂಟೆ ಕೂರುವ ತಾಳ್ಮೆ ಇರುವವರು, ಮೈಕ್ ಹಿಡಿದರೆ ಬಿಡದವರು, ಮನೆಯಲ್ಲಿ ಕೂಸಿಲ್ಲದವರು ಗೆಲ್ಲುತ್ತಾರೆ. ಹೆಸರಿಗೆ ಅಧ್ಯಕ್ಷರೇ ಇಲ್ಲದ ಗುಂಪುಗಳಲ್ಲಿ ಅಧಿಕಾರ ಮಾಯವಾಗುವುದಿಲ್ಲ, ಕಾಫಿ ಕುಡಿಯುವ ಗೆಳೆಯರ ಬಳಗಕ್ಕೆ ಜಾರುತ್ತದೆ. ಅವರನ್ನು ಯಾರೂ ಆರಿಸಿಲ್ಲವಾದ್ದರಿಂದ ಇಳಿಸಲೂ ಆಗುವುದಿಲ್ಲ.

ಚುನಾವಣೆಯೊಂದೇ ಇದಕ್ಕೆ ಬದಲಿ ಎಂದುಕೊಳ್ಳಬೇಡಿ. ಪ್ರಾಚೀನ ಅಥೆನ್ಸಿನಲ್ಲಿ 500 ಜನರ ಪರಿಷತ್ತನ್ನು ಚೀಟಿ ಎತ್ತಿ ಆರಿಸುತ್ತಿದ್ದರು. ಅವಧಿ ಒಂದು ವರ್ಷ, ಜೀವಮಾನದಲ್ಲಿ ಎರಡೇ ಸಲ. ಹೆಂಗಸರು, ಗುಲಾಮರು, ಪರ ಊರಿನವರು ಆ ಚೀಟಿಯಲ್ಲಿ ಇರಲೇ ಇಲ್ಲ ಎಂಬುದು ಬೇರೆ ಮಾತು, ಎರಡನೇ ಹಂತದ ಪಾಠವನ್ನು ಅದು ನೆನಪಿಸುತ್ತದೆ. ನಮ್ಮ ಕಾಲದಲ್ಲಿ ಐರ್ಲೆಂಡ್ ಇದೇ ಉಪಾಯವನ್ನು ಬೇರೆ ರೀತಿಯಲ್ಲಿ ಬಳಸಿತು. ಗರ್ಭಪಾತದಂಥ ಕಗ್ಗಂಟಿನ ವಿಷಯವನ್ನು 2016ರಲ್ಲಿ ರಚಿಸಿದ ನಾಗರಿಕರ ಸಭೆಯ ಮುಂದಿಟ್ಟರು. ಯಾದೃಚ್ಛಿಕವಾಗಿ ಆಯ್ಕೆಯಾದ 99 ಮಂದಿ ಮತ್ತು ಒಬ್ಬ ಅಧ್ಯಕ್ಷೆ. ಅವರು ತಜ್ಞರ ಮಾತನ್ನೂ ಎರಡೂ ಕಡೆಯವರ ವಾದವನ್ನೂ ಕೇಳಿ ಶಿಫಾರಸು ಕೊಟ್ಟರು. 2018ರ ಜನಮತಗಣನೆಯಲ್ಲಿ ಶೇ. 66.4ರಷ್ಟು ಮತದಾರರು ಬದಲಾವಣೆಗೆ ಒಪ್ಪಿದರು. ಸಣ್ಣ ಗುಂಪು ಕೂಲಂಕಷವಾಗಿ ಯೋಚಿಸಿತು, ಕೊನೆಯ ಮಾತು ಎಲ್ಲರದಾಯಿತು.

ನಿಮ್ಮ ಪುಟದಲ್ಲಿ ತೀರ್ಮಾನಗಳನ್ನು ಮೂರು ರಾಶಿ ಮಾಡಿ. ಒಬ್ಬ ವ್ಯಕ್ತಿ ಯಾರನ್ನೂ ಕೇಳದೆ ಮಾಡಬಹುದಾದದ್ದು ಮೊದಲ ರಾಶಿ. ಆ ಕೆಲಸ ಮಾಡುವ ತಂಡವೇ ತೀರ್ಮಾನಿಸುವುದು ಎರಡನೆಯದು. ಎಲ್ಲರ ಮುಂದೆ ಬರಲೇಬೇಕಾದದ್ದು ಮೂರನೆಯದು, ಅದರಲ್ಲಿ ಹತ್ತಕ್ಕಿಂತ ಹೆಚ್ಚು ವಿಷಯ ಇದ್ದರೆ ಮತ್ತೆ ಜರಡಿ ಹಿಡಿಯಿರಿ. ಮೊದಲ ರಾಶಿ ತೀರಾ ಚಿಕ್ಕದಾಗಿದ್ದರೂ ಎಚ್ಚರವಾಗಬೇಕು. ಏನು ಉಡಬೇಕು, ಯಾರನ್ನು ಮದುವೆಯಾಗಬೇಕು, ಏನು ಓದಬೇಕು ಎಂಬುದಕ್ಕೂ ಸಮಿತಿ ಇರುವ ಆದರ್ಶ ಸಮಾಜಗಳು ಕಾಗದದ ಮೇಲೆ ಬೇಕಾದಷ್ಟಿವೆ.

ಹಂತ 7: ಒಂದು ಜಗಳವನ್ನು ಕೊನೆಯವರೆಗೂ ಬರೆಯಿರಿ

ಕೊಲೆ, ಕಳ್ಳತನ ಬೇಡ. ಇಬ್ಬರೂ ಸರಿ ಇರುವ ಜಗಳವೊಂದನ್ನು ಆರಿಸಿ.

ಸಾಮೂಹಿಕ ಮರಗೆಲಸದ ಕೊಠಡಿ ಇದೆ. ಅದರ ಗೋಡೆಗೆ ಅಂಟಿಕೊಂಡ ಮನೆಯಲ್ಲಿ ಎರಡು ತಿಂಗಳ ಕೂಸು. ಬಡಗಿಗೆ ಹಗಲು ಬೇರೆ ಪಾಳಿ, ಉಜ್ಜುವುದು ಕೊಯ್ಯುವುದೆಲ್ಲ ರಾತ್ರಿಯೇ. ಕೊಠಡಿ ಯಾವಾಗ ಬೇಕಾದರೂ ತೆರೆದಿರುತ್ತದೆ ಎಂಬ ನಿಯಮವಿದೆ, ರಾತ್ರಿ ಒಂಬತ್ತರ ಮೇಲೆ ಸದ್ದು ಮಾಡಬಾರದು ಎಂಬ ನಿಯಮವೂ ಇದೆ. ಎರಡನ್ನೂ ನೀವೇ ಬರೆದಿದ್ದೀರಿ. ತಾಯಿ ಮೊದಲು ಯಾರ ಬಳಿ ಹೋಗಬೇಕು? ಎಷ್ಟು ದಿನದಲ್ಲಿ ಉತ್ತರ ಸಿಗುತ್ತದೆ? ಕೇಳುವವನು ಬಡಗಿಯ ಗೆಳೆಯನಾಗಿದ್ದರೆ? ತೀರ್ಪಾದ ಮೇಲೂ ಬಡಗಿ ಗರಗಸ ಎತ್ತಿದರೆ? ಎರಡನೇ ಸಲ? ಐದನೇ ಸಲ? ಪ್ರತಿ ಪ್ರಶ್ನೆಗೂ ಒಂದು ಹೆಸರು, ಒಂದು ಗಡುವು, ಒಂದು ಪರಿಣಾಮ ಬರೆಯಿರಿ. ಅರ್ಧ ದಿನ ಹಿಡಿಯುತ್ತದೆ, ಹಿಡಿಯಲಿ.

ಎಲಿನಾರ್ ಆಸ್ಟ್ರಮ್ ಇಲ್ಲಿ ಬಹಳ ನೆರವಾಗುತ್ತಾರೆ. ಹುಲ್ಲುಗಾವಲು, ನೀರಾವರಿ, ಕಾಡು, ಮೀನುಗಾರಿಕೆಯಂಥ ಸಾಮೂಹಿಕ ಸಂಪತ್ತನ್ನು ಶತಮಾನಗಳ ಕಾಲ ಹಾಳುಮಾಡದೆ ಉಳಿಸಿಕೊಂಡ ಸಮುದಾಯಗಳನ್ನು ಅವರು ಅಧ್ಯಯನ ಮಾಡಿ 1990ರಲ್ಲಿ ಎಂಟು ಲಕ್ಷಣಗಳನ್ನು ಗುರುತಿಸಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅವುಗಳಲ್ಲಿ ಮೂರು ಈ ಹಂತಕ್ಕೆ ಬೇಕಾದವು: ನಿಯಮ ಪಾಲನೆಯನ್ನು ಗಮನಿಸುವವರು ಬಳಕೆದಾರರಿಗೇ ಉತ್ತರಿಸಬೇಕು, ಶಿಕ್ಷೆ ಚಿಕ್ಕದರಿಂದ ಶುರುವಾಗಿ ಹಂತಹಂತವಾಗಿ ಏರಬೇಕು, ವ್ಯಾಜ್ಯ ಬಗೆಹರಿಸುವ ಜಾಗ ಹತ್ತಿರವೂ ಅಗ್ಗವೂ ಆಗಿರಬೇಕು.

ಅಗ್ಗ ಎಂದರೆ ಹೇಗಿರುತ್ತದೆ ಎಂದು ನೋಡಲು ಸ್ಪೇನಿನ ವಲೆನ್ಸಿಯಾದ ಜಲ ನ್ಯಾಯಮಂಡಳಿ ಒಳ್ಳೆಯ ಮಾದರಿ. ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಅಲ್ಲಿನ ಮುಖ್ಯ ಚರ್ಚಿನ ಬಾಗಿಲಲ್ಲಿ, ಎಂಟು ಕಾಲುವೆಗಳ ರೈತರು ಆರಿಸಿದ ಎಂಟು ಪ್ರತಿನಿಧಿಗಳು ಕೂರುತ್ತಾರೆ. ವಕೀಲರಿಲ್ಲ, ಎಲ್ಲ ಬಾಯಿಮಾತಿನಲ್ಲೇ, ಜನರ ಎದುರಿಗೇ. ವ್ಯಾಜ್ಯ ಯಾವ ಕಾಲುವೆಯದ್ದೋ ಆ ಕಾಲುವೆಯ ಪ್ರತಿನಿಧಿ ತೀರ್ಪಿನಲ್ಲಿ ಭಾಗವಹಿಸುವುದಿಲ್ಲ. ಬಡಗಿಯ ಗೆಳೆಯನ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲ.

ನಿಯಮವೂ ಸರಳವಾಗಿದ್ದರೆ ಜಗಳವೇ ಕಮ್ಮಿ. ಸ್ವಿಟ್ಜರ್ಲೆಂಡಿನ ಟೊರ್ಬೆಲ್ ಎಂಬ ಬೆಟ್ಟದ ಹಳ್ಳಿಯಲ್ಲಿ 1517ರ ಕಟ್ಟಳೆ ಒಂದಿದೆ: ಚಳಿಗಾಲದಲ್ಲಿ ಎಷ್ಟು ಹಸುಗಳನ್ನು ನಿನ್ನ ಮೇವಿನಿಂದ ಸಾಕಬಲ್ಲೆಯೋ ಅಷ್ಟನ್ನೇ ಬೇಸಿಗೆಯಲ್ಲಿ ಸಾಮೂಹಿಕ ಹುಲ್ಲುಗಾವಲಿಗೆ ಬಿಡಬಹುದು. ಯಾರ ಕೊಟ್ಟಿಗೆಯಲ್ಲಿ ಎಷ್ಟು ಹಸು ಎಂಬುದು ಇಡೀ ಊರಿಗೆ ಗೊತ್ತಿರುತ್ತದೆ. ಕಾವಲಿಗೆ ಬೇರೆ ಇಲಾಖೆಯೇ ಬೇಡ.

ಹಂತ 8: ಬರುವ ಬಾಗಿಲು, ಹೋಗುವ ಬಾಗಿಲು

ಬ್ರಿಟನ್ನಿನ ಗಿರಣಿ ಮಾಲೀಕ, ಸಮಾಜ ಸುಧಾರಕ ರಾಬರ್ಟ್ ಓವನ್ 1825ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಒಂದು ಧಾರ್ಮಿಕ ಸಮುದಾಯದಿಂದ ಕಟ್ಟಿ ಮುಗಿದ ಊರನ್ನೇ ಕೊಂಡು, ನ್ಯೂ ಹಾರ್ಮನಿ ಎಂದು ಹೆಸರಿಟ್ಟು, ಬನ್ನಿ ಎಂದು ಎಲ್ಲರನ್ನೂ ಕರೆದ. ಮನೆ, ಹೊಲ, ಕಾರ್ಖಾನೆ ಎಲ್ಲ ಸಿದ್ಧವಿತ್ತು. ನೂರಾರು ಜನ ಬಂದರು. ವಿದ್ವಾಂಸರು ಬಂದರು, ಆದರ್ಶವಾದಿಗಳು ಬಂದರು, ಪುಕ್ಕಟೆ ಊಟಕ್ಕೆ ಬಂದವರೂ ಇದ್ದರು. ಬೇಕಾದಷ್ಟು ನುರಿತ ಕೆಲಸಗಾರರು ಮಾತ್ರ ಬರಲಿಲ್ಲ. ಸಂವಿಧಾನದ ಮೇಲೆ ಸಂವಿಧಾನ ಬರೆದುಕೊಂಡು 1827ಕ್ಕೆ ಪ್ರಯೋಗ ಮುಗಿಯಿತು. ಯಾರು ಬರಬಹುದು, ಬಂದವರು ಎಷ್ಟು ಕಾಲ ಅಭ್ಯರ್ಥಿಯಾಗಿ ಇರಬೇಕು ಎಂದು ಬರೆಯದಿದ್ದರೆ ಇದೇ ಗತಿ.

ಹೋಗುವ ಬಾಗಿಲು ಇನ್ನೂ ಮುಖ್ಯ. ಹಟರೈಟರಲ್ಲಿ ಬಿಟ್ಟುಹೋಗುವವರಿಗೆ ಸಾಮೂಹಿಕ ಆಸ್ತಿಯಲ್ಲಿ ಪಾಲಿಲ್ಲ. ಇಪ್ಪತ್ತು ವರ್ಷ ದುಡಿದವರೂ ಬರಿಗೈಯಲ್ಲೇ ಹೊರಡಬೇಕು. ಆ ಸಮುದಾಯ ಒಡೆಯದೆ ಉಳಿದಿರುವುದಕ್ಕೆ ಇದೂ ಒಂದು ಕಾರಣವಿರಬಹುದು, ಆದರೂ ನನಗೆ ಇದು ಒಪ್ಪಿಗೆಯಿಲ್ಲ. ಹೊರಗೆ ಹೋಗಲು ದಾರಿಯಿಲ್ಲದ ಕಡೆ ಒಳಗಿರುವವರ ನಗುವನ್ನು ನಂಬುವುದು ಹೇಗೆ? ದುಡಿದ ವರ್ಷಕ್ಕೆ ತಕ್ಕಂತೆ ಏನು ಕೊಡುತ್ತೀರಿ, ಯಾವ ದಾಖಲೆ ಕೊಡುತ್ತೀರಿ, ವಾಪಸ್ ಬರಬಹುದೇ, ಮಕ್ಕಳು ಎಷ್ಟನೇ ವಯಸ್ಸಿಗೆ ತಾವೇ ನಿರ್ಧರಿಸಬಹುದು, ಇಷ್ಟನ್ನಾದರೂ ಬರೆಯಿರಿ. ಮೂರನೇ ಹಂತದ ಹದಿನೇಳರ ಹುಡುಗನ ಚೀಟಿಯನ್ನು ಪಕ್ಕದಲ್ಲಿ ಇಟ್ಟುಕೊಂಡೇ ಬರೆಯಿರಿ.

ಹಂತ 9: ಪ್ರತಿ ನಿಯಮಕ್ಕೂ ಮುಗಿಯುವ ದಿನಾಂಕ

ಅಥೆನ್ಸಿಗೆ ಕಾನೂನು ಮಾಡಿಕೊಟ್ಟ ಸೋಲನ್, ಹತ್ತು ವರ್ಷ ಅವನ್ನು ಬದಲಿಸುವುದಿಲ್ಲ ಎಂದು ಜನರಿಂದ ಪ್ರಮಾಣ ಮಾಡಿಸಿ ತಾನು ದೇಶಾಂತರ ಹೊರಟುಬಿಟ್ಟ ಎಂದು ಹೆರೊಡೋಟಸ್ ಬರೆಯುತ್ತಾನೆ. ಊರಲ್ಲೇ ಇದ್ದರೆ ದಿನಾ ಒಬ್ಬರು ಬಂದು ಇದನ್ನು ಸ್ವಲ್ಪ ತಿದ್ದಿ ಎನ್ನುತ್ತಿದ್ದರು, ಪಾಪ. ಥಾಮಸ್ ಜೆಫರ್‌ಸನ್ 1789ರ ಪತ್ರವೊಂದರಲ್ಲಿ ಇದಕ್ಕೆ ಎದುರು ತುದಿಗೆ ಹೋದ: ಭೂಮಿ ಬದುಕಿರುವವರದು, ಸತ್ತವರ ನಿಯಮ ಅವರನ್ನು ಕಟ್ಟಿಹಾಕಬಾರದು, ಹಾಗಾಗಿ ಪ್ರತಿ ಸಂವಿಧಾನವೂ 19 ವರ್ಷಕ್ಕೆ ತಾನಾಗಿ ಮುಗಿಯಬೇಕು. ಆ 19ನ್ನು ಅವನು ಮರಣದ ಅಂಕಿಪಟ್ಟಿಗಳಿಂದ ಲೆಕ್ಕ ಹಾಕಿದ್ದ.

ಇವೆರಡರ ನಡುವೆ ನಿಮ್ಮ ನಿಯಮಗಳನ್ನು ಹರಡಿ. ಪಾಳಿಯ ಪಟ್ಟಿಗೆ ಆರು ತಿಂಗಳು, ಸಂಬಳದ ಮಿತಿಗೆ ಐದು ವರ್ಷ, ಹೀಗೆ. ವಾಯಿದೆ ಮುಗಿದ ನಿಯಮ ಮತ್ತೆ ಮತ ಬೀಳದಿದ್ದರೆ ಸತ್ತಂತೆ. ಹೊರಗೆ ಹೋಗುವ ಹಕ್ಕು, ದೂರು ಕೊಡುವ ಹಕ್ಕು, ಒಬ್ಬರಿಗೊಂದೇ ಮತ, ಇಂಥ ನಾಲ್ಕೈದಕ್ಕೆ ಮಾತ್ರ ವಾಯಿದೆ ಬೇಡ. ಏಕೆಂದರೆ ಉಳಿದುದನ್ನೆಲ್ಲ ತಿದ್ದಲು ಬೇಕಾಗುವ ಉಪಕರಣಗಳು ಇವೇ.

ಹಂತ 10: ಮುರಿಯಲು ಕೊಡಿ, ಆಮೇಲೆ ಚಿಕ್ಕದಾಗಿ ನಡೆಸಿ ನೋಡಿ

ನೋಟ್‌ಬುಕ್ಕನ್ನು ನಿಮ್ಮ ವಿಚಾರಕ್ಕೆ ವಿರುದ್ಧವಾಗಿರುವ ಒಬ್ಬರಿಗೆ ಕೊಟ್ಟು ಮೂರು ಕೆಲಸ ಹೇಳಿ: ಒಂದು ದಿನವೂ ದುಡಿಯದೆ ಇಲ್ಲಿ ಸುಖವಾಗಿರುವುದು ಹೇಗೆ, ಐದೇ ಜನರ ಗುಂಪು ಇಡೀ ಊರನ್ನು ಹಿಡಿತಕ್ಕೆ ತೆಗೆದುಕೊಳ್ಳುವುದು ಹೇಗೆ, ಸತತ ಎರಡು ವರ್ಷ ಬೆಳೆ ಕೈಕೊಟ್ಟರೆ ಮೊದಲು ಯಾರ ತಟ್ಟೆ ಖಾಲಿಯಾಗುತ್ತದೆ. ಅವರು ಉತ್ತರ ಹುಡುಕಿಯೇ ಹುಡುಕುತ್ತಾರೆ. ಸಮರ್ಥನೆಗೆ ಇಳಿಯದೆ ಬರೆದುಕೊಳ್ಳಿ.

ಆಮೇಲೆ ಒಂದೇ ಒಂದು ನಿಯಮವನ್ನು ನಿಜವಾದ ಗುಂಪಿನಲ್ಲಿ ಮೂರು ತಿಂಗಳು ನಡೆಸಿ ನೋಡಿ. ಮನೆಯಾಗಬಹುದು, ಹಾಸ್ಟೆಲ್ಲಾಗಬಹುದು, ಕಚೇರಿಯ ತಂಡವಾಗಬಹುದು. ಕೆಲಸಕ್ಕೆ ತೂಕ ಕಟ್ಟುವ ನಿಯಮದಿಂದ ಶುರುಮಾಡುವುದು ಒಳ್ಳೆಯದು, ಫಲ ಬೇಗ ಕಾಣುತ್ತದೆ: ಯಾರಿಗೂ ಬೇಡವಾದ ಎರಡು ಕೆಲಸ ಆರಿಸಿ, ಜನ ತಾವಾಗಿ ಮುಂದೆ ಬರುವವರೆಗೆ ಅವುಗಳ ಗಂಟೆಯ ತೂಕ ಏರಿಸಿ, ಮಾಡಿದವರ ಹೆಸರು ಮತ್ತು ಗಂಟೆ ಗೋಡೆಯ ಮೇಲೆ ಬರೆಯುತ್ತಾ ಹೋಗಿ. ಮೂರು ತಿಂಗಳು ತುಂಬಿದ ದಿನ ಮುಂದುವರಿಸಬೇಕೋ ಬೇಡವೋ ಎಂದು ಮತ ಹಾಕಿ. ಆ ಸಭೆಯಲ್ಲಿ ಮೊದಲ ಮಾತು ಗೋಡೆಯ ಮೇಲೆ ಹೆಚ್ಚು ಗಂಟೆ ಇರುವವರದು.